ಗೆರೆ ತುಳಿದ ಸಂಜೆ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಸಿದೆ, ರೊಟ್ಟಿ ಬಡಿದೆ, ಮಗಳಿಗೆ ಜಡೆ ಹಾಕಿ ಊಟದ ಡಬ್ಬಿ ಕಟ್ಟಿದೆ. ನ್ಯಾಮತಿಯ ನಮ್ಮ ಮನೆ ಬಾಗಿಲಿಗೇ ಸ್ಕೂಲ್ ವ್ಯಾನು ಬರುತ್ತದೆ. ಹತ್ತುವ ಮೊದಲು ಅವಳು, "ಅಮ್ಮಾ, ಇವತ್ತು ಆಟದ ಪೀರಿಯಡ್ ಐತೆ. ನಂಗೆ ಕಾಲುನೋವು ಅಂತ ಸರ್‌ಗೆ ಫೋನ್ ಮಾಡು" ಎಂದಳು.

"ಕಾಲು ನೋಯ್ತೈತಾ?"

"ಇಲ್ಲ. ಓಡಿಸ್ತಾರೆ."

ಫೋನ್ ಮಾಡಲಿಲ್ಲ. ಬಟ್ಟೆ ಒಗೆದು ಹರವಿ, ಮಧ್ಯಾಹ್ನ ಶೇಂಗಾ ಸುಲಿಯುತ್ತ ಕುಳಿತಾಗ ನನ್ನ ಕಾಲಿನ ಕಥೆ ನೆನಪಾಯಿತು.

ಆಗೆಲ್ಲ ಜಗಳೂರು ಕಡೆಯ ನಮ್ಮ ಊರಲ್ಲಿ ದೀಪಾವಳಿ ಹೊತ್ತಿಗೆ ಸಮತಟ್ಟಾದ ಜಾಗ ಎಲ್ಲಿ ಕಂಡರೂ ಅಲ್ಲಿ ಮೆಕ್ಕೆಜೋಳ ಹರಡಿರುತ್ತಿತ್ತು. ಕಣ ಸಾಲದೆ ರಸ್ತೆಗೂ ಬರುತ್ತಿತ್ತು. ಬಸ್ಸಿನವರು ಬೈದುಕೊಂಡೇ ಒಂದು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಊರಿಗೆಲ್ಲ ಹಸಿ ಕಾಳಿನ ಸಿಹಿ ವಾಸನೆ, ಕತ್ತಿನಲ್ಲಿ ಹೊಟ್ಟಿನ ನವೆ.

ಆ ವರ್ಷ ಮಳೆಗಾಲದಲ್ಲಿ ನನಗೆ ಟೈಫಾಯ್ಡ್ ಬಂದು ವಾರಗಟ್ಟಲೆ ಮಲಗಿದ್ದೆ. ಜ್ವರ ಬಿಟ್ಟರೂ ಕಾಲಲ್ಲಿ ಬಲವಿಲ್ಲ. ನಿಂತರೆ ಮೊಣಕಾಲು ನಡುಗುವುದು, ನಡೆದರೆ ಹೆಜ್ಜೆ ಎತ್ತಲಾಗದೆ ಎಳೆಯುವುದು. ಜಗಳೂರಿನ ಡಾಕ್ಟರು, "ಇನ್ನೇನೂ ಇಲ್ಲಮ್ಮ. ಆಡಾಕೆ ಬಿಡ್ರಿ, ಕಾಲಿಗೆ ಕೆಲ್ಸ ಕೊಡ್ರಿ" ಎಂದರು. ಅವ್ವ "ಆಯ್ತ್ರೀ" ಎಂದವಳು ಬಸ್ಸಿಳಿದ ಕೂಡಲೇ ನನ್ನನ್ನು ಕಂಕುಳಿಗೆ ಎತ್ತಿಕೊಂಡು ಮನೆಗೆ ನಡೆದಳು. ಮೂರನೇ ಕ್ಲಾಸಿನ ಹುಡುಗಿ ನಾನು, ಕಾಲು ಅವಳ ಮೊಣಕಾಲಿಗೆ ಬಡಿಯುತ್ತಿತ್ತು.

ಶಾಲೆಯಲ್ಲಿ ಆಟದ ಮೇಷ್ಟ್ರು ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿ ಎಲ್ಲರ ಚಪ್ಪಲಿ ಕಾಯಲು ಬಿಡುತ್ತಿದ್ದರು. ಸಂಜೆ ಬೀದಿಯಲ್ಲಿ ಕುಂಟೆಬಿಲ್ಲೆ ನಡೆಯುವಾಗ ಅವ್ವ ಬಾಗಿಲಿಂದಲೇ ಹೇಳುತ್ತಿದ್ದಳು: "ಗಿರ್ಜೀನೂ ಸೇರಿಸ್ಕಳ್ರೇ. ಆದ್ರೆ ಔಟ್ ಮಾಡ್ಬ್ಯಾಡ್ರಿ."

ಅಲ್ಲಿಗೆ ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಗೆರೆ ತುಳಿದರೂ ಔಟಿಲ್ಲ, ಎರಡೂ ಕಾಲು ಊರಿದರೂ ಔಟಿಲ್ಲ. ಬಿಲ್ಲೆ ಎಲ್ಲಿ ಬಿದ್ದರೂ "ಹೋಗ್ಲಿ ಬಿಡು" ಎನ್ನುತ್ತಿದ್ದರು. ನನ್ನ ಸರದಿ ಬಂದಾಗ ಯಾರೂ ನೋಡುತ್ತಲೂ ಇರಲಿಲ್ಲ. ಪಕ್ಕದ ಮನೆಯ ಪರ್ವೀನ ಆ ಹೊತ್ತಿನಲ್ಲಿ ಮನೆಗೆ ಹೋಗಿ ನೀರು ಕುಡಿದು ಬರುತ್ತಿದ್ದಳು. ಹೇಗಾದರೂ ಮಾಡಿ ಲೆಕ್ಕಕ್ಕೆ ಸೇರಬೇಕು ಅನ್ನುವುದೊಂದೇ ನನ್ನ ಹಟ.

ಅಷ್ಟರಲ್ಲಿ ಜೋಳ ಕಣಕ್ಕೆ ಬಂತು. ಹರಡಿದ ಕಾಳು ಒಂದೇ ಸಮ ಒಣಗಬೇಕಾದರೆ ಆಗಾಗ ಹೊರಳಿಸಬೇಕು. ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ, ಪಾದ ಎತ್ತದೆ ಕಾಳಿನೊಳಗೆ ಎಳೆಯುತ್ತ ಹೋಗುವುದು. ಅದಕ್ಕೆ ಕಾಲಾಡಿಸುವುದು ಎನ್ನುತ್ತಿದ್ದೆವು. ಮಕ್ಕಳದೇ ಕೆಲಸ ಅದು. ಪರ್ವೀನ ಸಹಾಯಕ್ಕೆ ಬಂದವಳು ಒಂದೇ ಓಟಕ್ಕೆ ಆ ತುದಿ ಮುಟ್ಟಿದಳು. ಕಾಳು ಕಣದಾಚೆ ಸಿಡಿಯಿತು.

"ಏ ಕುದುರೇ, ಹಿಂಗೆ ಓಡಿದ್ರೆ ಕಾಳೆಲ್ಲ ಕೋಳಿ ಪಾಲು" ಎಂದು ಅಪ್ಪ ನಕ್ಕ. ಅಷ್ಟೊತ್ತಿಗೆ ನಾನೂ ಕಟ್ಟೆಯಿಂದ ಇಳಿದು ಕಾಳಿಗೆ ಕಾಲಿಟ್ಟಿದ್ದೆ. ಎತ್ತಲಾಗದ ಕಾಲು ತನ್ನ ಪಾಡಿಗೆ ಎಳೆಯುತ್ತ ಹೋಯಿತು. ಹಿಂದೆ ಎರಡು ನೆಟ್ಟನೆ ಗೆರೆ ಬಿದ್ದವು. ಅಪ್ಪ ಗೆರೆ ನೋಡಿ, "ಗಿರ್ಜಿ ಹೆಂಗೆ ಹೋಗ್ತಾಳೆ ನೋಡಿ ಕಲಿ" ಎಂದ.

ಅವ್ವ ಮೊರ ಕೈಯಲ್ಲೇ ಓಡಿ ಬಂದಳು. "ಬಿಸ್ಲಿಗೆ ಬಿದ್ಗಿದ್ದಾಳು, ಮೇಲೆ ಬಾರೇ!"

"ಬಿದ್ರೆ ಜೋಳದ ಮೇಲೆ ತಾನೆ ಬೀಳೋದು? ಬಿಡು" ಎಂದ ಅಪ್ಪ.

ಆ ಸುಗ್ಗಿಯೆಲ್ಲ ನಾನು ಕಾಲಾಡಿಸಿದೆ. ಮಧ್ಯಾಹ್ನ ಕಾಳು ಕಾದು ಅಂಗಾಲು ಚುರ್ ಎನ್ನುವುದು, ಸಂಜೆಗೆ ಅದೇ ಬೆಚ್ಚಗೆ ಹಿತ. ಮೊದಮೊದಲು ಅರ್ಧ ಕಣಕ್ಕೇ ಏದುಸಿರು. ಆಮೇಲೆ ತುದಿ ಮುಟ್ಟಿ ತಿರುಗಿ ಬಂದು, ಅಜ್ಜಿ ಕೊಟ್ಟ ಹುರಿದ ಶೇಂಗಾ ಬೆಲ್ಲ ಬಾಯಿಗೆ ಹಾಕಿಕೊಂಡು ಮತ್ತೆ ಇಳಿಯುತ್ತಿದ್ದೆ. ಯಾರೂ ಇಲ್ಲದಾಗ ಅಲ್ಲೇ ಒಂಟಿಕಾಲಲ್ಲಿ ಕುಂಟಿ ನೋಡುತ್ತಿದ್ದೆ. ಬೀಳುತ್ತಿದ್ದೆ, ಏಳುತ್ತಿದ್ದೆ. ಕಾಳು ಚೀಲ ಸೇರುವ ಹೊತ್ತಿಗೆ ಬೀಳುವುದು ನಿಂತಿತ್ತು.

ಚೀಲ ಕಟ್ಟಿದ ದಿನ ಸಂಜೆ ಕುಂಟೆಬಿಲ್ಲೆಯಲ್ಲಿ ನಾನು ಮೊದಲೊಂದು ಮನೆ ಗೆದ್ದೆ. ಯಾರೂ ಗಮನಿಸಲಿಲ್ಲ. ಇನ್ನೊಂದು ಗೆದ್ದೆ. ಪರ್ವೀನ ನೀರು ಕುಡಿಯಲು ಹೋಗದೆ ನಿಂತಳು. ಮೂರನೆಯದಕ್ಕೆ ಕುಂಟುತ್ತ ಹೋಗುವಾಗ ಹಿಮ್ಮಡಿ ಗೆರೆಗೆ ತಾಗಿತು.

"ಔಟ್!" ಪರ್ವೀನ ಬೀದಿ ಹಾರಿಹೋಗುವಂತೆ ಕೂಗಿದಳು.

"ಇಲ್ಲ ಕಣೇ, ತುಳಿದಿಲ್ಲ!"

"ತುಳಿದೀಯ! ಇಲ್ನೋಡು, ಗೆರೆ ಅಳಿಸೈತೆ!"

ಗಲಾಟೆಗೆ ಅವ್ವ ಹೊರಗೆ ಬಂದಳು. "ಪರ್ವೀನಾ, ನಾನು ಏನಂತ ಹೇಳಿದ್ದೆ?"

"ಅಯ್ಯ ಗೌರತ್ತೆ, ಎರಡು ಮನೆ ಹೊಡ್ಕಂಡವ್ಳೆ! ಇನ್ನೂ ಔಟ್ ಮಾಡ್ಬ್ಯಾಡ ಅಂದ್ರೆ ನಾವೆಲ್ಲ ಎಲ್ಲಿಗೆ ಹೋಗಾನ?"

ಅವ್ವ ನನ್ನ ಕಾಲು ನೋಡಿದಳು. ನಾನು ಆಗಲೂ ಒಂಟಿಕಾಲಲ್ಲೇ ನಿಂತಿದ್ದೆ. "ಹೌದವ್ವ, ತುಳಿದೆ. ಔಟಾದೆ" ಎಂದೆ. ಅಷ್ಟು ಖುಷಿಯಿಂದ ಔಟಾದವರನ್ನು ನಮ್ಮ ಬೀದಿ ನೋಡಿರಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಹೋದಳು.

ಈಗ ನಮ್ಮೂರಲ್ಲಿ ಜೋಳವನ್ನು ಟ್ರ್ಯಾಕ್ಟರಿಗೆ ಕಟ್ಟಿದ ಹಲಗೆ ಹೊರಳಿಸುತ್ತದೆ. ಅದಕ್ಕೆ ನನಗೆ ಬೇಸರವಿಲ್ಲ, ಬಿಸಿಲಿನ ಕೆಲಸ ಅದು. ಮಗಳು ಸಂಜೆ ವ್ಯಾನಿಳಿದು, "ಓಡಿದೆ. ಎಲ್ಲರಿಗಿಂತ ಕೊನೆ" ಎಂದು ಮುಖ ಊದಿಸಿದಳು. ನಾಳೆಯೂ ಓಡು ಎಂದೆ. ಆದರೆ ಶಾಲೆ ಬಿಟ್ಟ ಮೇಲೆ ಅವಳು ಎಲ್ಲಿ ಆಡಬೇಕು, ಯಾರ ಜೊತೆ? ಬಾಗಿಲು ತೆರೆದು ನೋಡಿದರೆ ರಸ್ತೆಯಲ್ಲಿ ಬೈಕುಗಳು ಸಾಲಾಗಿ ನಿಂತಿವೆ. ಗೆರೆ ತುಳಿದರೆ ಔಟ್ ಎಂದು ಗಂಟಲು ಹರಿಯುವಂತೆ ಕೂಗುವ ಒಬ್ಬ ಪರ್ವೀನ ಅವಳಿಗೆ ಈ ಬೀದಿಯಲ್ಲಿಲ್ಲ.

ನಾನು ಔಟಾದ ಆ ರಾತ್ರಿ ನಮ್ಮ ಮನೆಯಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಸಾರು. ಜ್ವರ ಬಂದಾಗಿನಿಂದ ರಾತ್ರಿ ಊಟಕ್ಕೆ ಗಂಜಿಯಲ್ಲೇ ಇದ್ದವಳು ನಾನು. ಒಂದು ಮುದ್ದೆ ನುಂಗಿ ಇನ್ನರ್ಧ ಕೇಳಿದೆ. ಕಾಯಿಲೆ ಬಿದ್ದ ದಿನದಿಂದ ಅವ್ವ ನನ್ನ ಹಣೆ ಮುಟ್ಟಿ ನೋಡುತ್ತ, ನನಗೆ ನಿದ್ದೆ ಹತ್ತಿದ ಮೇಲೆಯೇ ಮಲಗುತ್ತಿದ್ದಳು. ಅವತ್ತು ಎಲ್ಲರಿಗಿಂತ ಮೊದಲು ಮಲಗಿದ್ದು ಅವ್ವ.