ಪ್ರವಾಸ ಹೊರಟ ಹಾವಿನ ಮದ್ದು

ಜಗಳೂರು ತಾಲ್ಲೂಕಿನ ಕರೆಕಲ್ಲಹಟ್ಟಿ ಆಸ್ಪತ್ರೆಯಲ್ಲಿ ಬೈಲಪ್ಪನ ಕೆಲಸಕ್ಕೊಂದು ಹೆಸರಿರಲಿಲ್ಲ. ಕಸ ಹೊಡೆದ ದಿನ ಜವಾನ, ಚೀಟಿ ಕೊಟ್ಟ ದಿನ ಗುಮಾಸ್ತ, ಡಾಕ್ಟರು ರಜೆ ಹಾಕಿದ ದಿನ ಡಾಕ್ಟರೂ ತಾನೇ ಎಂದು ಹೇಳಿಕೊಂಡು ಅವನೇ ನಗುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಇದಕ್ಕಿಂತ ದೊಡ್ಡ ಪದವಿ ಎಲ್ಲಿ ಸಿಕ್ಕೀತು? ದಿನಗೂಲಿ. ಕಾಯಂ ಆಗಬೇಕೆನ್ನುವುದೊಂದೇ ಹಂಬಲ. ಹೆಣ್ಣು ಕೊಡುವವರೂ “ಆರ್ಡರ್ ಬರ್ಲಿ” ಎಂದು ನಿಂತಿದ್ದರು.

ಆ ಆಸ್ಪತ್ರೆಯಲ್ಲಿ ಮರ್ಯಾದೆಯುಳ್ಳ ವಸ್ತು ಒಂದೇ: ಫ್ರಿಜ್ಜಿನಲ್ಲಿದ್ದ ಹಾವಿನ ಮದ್ದಿನ ಪುಟ್ಟ ಶೀಶೆಗಳು. ಬೈಲಪ್ಪ ತನ್ನೂರು ಬಿಳಿಚೋಡಿಗೆ ಹೋದಾಗಲೆಲ್ಲ ಅದನ್ನು ತಾನೇ ಕಾಯಿಸಿ ಬಸಿದವನಂತೆ ಹೇಳುತ್ತಿದ್ದ: “ಹಾವು ಕಡಿದ್ರೆ ಮಂತ್ರ ಹಾಕ್ಸಾಕೂ ಹೋಗಬ್ಯಾಡ್ರಿ, ದಾವಣಗೆರೆ ಬಸ್ಸಿಗೂ ಕಾಯಬ್ಯಾಡ್ರಿ. ಸೀದಾ ನಮ್ಮಲ್ಲಿಗೆ ಬರ್ರಿ. ನಾನೈದೀನಿ.”

ಎಂಬತ್ತಮೂರನೇ ಇಸವಿಯಲ್ಲಿ, ತುರ್ತು ಚಿಕಿತ್ಸೆಗೆ ಯಾವ ಸೀಮೆಯಲ್ಲಿ ಏನು ಕೊರತೆ ಎಂದು ನೋಡಲು ಬೆಂಗಳೂರಿನಿಂದ ಒಂದು ತಂಡ ಹೊರಟಿತು. ಮೊದಲು ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಕಡೆ. ಕೊನೆಗೆ ಜಗಳೂರು ಕಡೆ. ಕೊರತೆ ಕಂಡಲ್ಲಿ ಮೆಮೊ ಕೊಡುತ್ತಾರಂತೆ ಎಂಬ ಸುದ್ದಿ ತಂಡಕ್ಕಿಂತ ಮುಂಚೆ ಬಂತು. ತಪಾಸಣೆ ಎಂದರೆ ಸ್ಟ್ರೆಚರು, ಬೆಡ್‌ಶೀಟುಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಎರವಲು ಹೋಗುವುದು ಮೊದಲಿಂದಲೂ ಇದ್ದದ್ದೇ. ಈ ಸಲ ಕರೆಕಲ್ಲಹಟ್ಟಿಯ ಹಾವಿನ ಮದ್ದೂ ಹೋಗಲಿ ಎಂದವನು ಚನ್ನಗಿರಿ ಕಡೆಯ ಸ್ಟೋರ್‌ಕೀಪರ್ ಶಿವಮೂರ್ತಪ್ಪ. ಹೊರುವವನು ಬೈಲಪ್ಪ.

“ಇದೊಂದು ಮುಗಿಸ್ಕೊಡೋ. ಬೆಂಗಳೂರು ಆಫೀಸಿನಾಗೆ ನಮ್ಮ ಬೀಗರು ಅದಾರೆ, ನಿನ್ನ ಆರ್ಡರ್ ನನಗೆ ಬಿಡು” ಎಂದ ಶಿವಮೂರ್ತಪ್ಪ.

ಐಸು ತುಂಬಿದ ಫ್ಲಾಸ್ಕು ಬಗಲಿಗಿಟ್ಟುಕೊಂಡು ಬೈಲಪ್ಪ ತಂಡಕ್ಕಿಂತ ಒಂದೂರು ಮುಂದೆ ಬಸ್ಸಿನಲ್ಲಿ ಓಡಿದ. ನ್ಯಾಮತಿ ಕಡೆ ತಂಡದ ಸಾಹೇಬರು ಫ್ರಿಜ್ ತೆಗೆದು “ಗುಡ್” ಎಂದರು. ಹೊನ್ನಾಳಿ ಕಡೆಯೂ ಅವೇ ಶೀಶೆಗಳಿಗೆ “ಗುಡ್” ಎಂದರು. ಪಕ್ಕದಲ್ಲಿ ನಿಂತಿದ್ದ ಬೈಲಪ್ಪನ ಗುರುತೂ ಅವರಿಗೆ ಹತ್ತಲಿಲ್ಲ. ಈ ಮುಖಕ್ಕೆ ಅಷ್ಟೂ ಕಿಮ್ಮತ್ತಿಲ್ಲವಲ್ಲ ಎಂದು ಅವನಿಗೆ ಸ್ವಲ್ಪ ಬೇಜಾರೂ ಆಯಿತು.

ಚನ್ನಗಿರಿ ಕಡೆಯ ಆಸ್ಪತ್ರೆಯಲ್ಲಿ ಮದ್ದನ್ನು ಫ್ರಿಜ್ಜಿಗಿಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಅವನ ಆಸ್ಪತ್ರೆಯ ಡಾಕ್ಟರಿಂದ ಟ್ರಂಕ್‌ಕಾಲ್ ಬಂತು. ಬಿಳಿಚೋಡಿನ ಚೌಡಕ್ಕನಿಗೆ ಶೇಂಗಾ ಕೀಳುವಾಗ ಹಾವು ಕಚ್ಚಿದೆ, ಗಂಡ ಸೈಕಲ್ಲಿನ ಮೇಲೆ ಕರೆಕಲ್ಲಹಟ್ಟಿಗೆ ತಂದಿದ್ದಾನೆ, ಮದ್ದು ಬೇಕು. ಚೌಡಕ್ಕ ಬೈಲಪ್ಪನ ದೊಡ್ಡಮ್ಮನ ಮಗಳು. ದಾವಣಗೆರೆ ಬಸ್ಸು ಎದುರಿಗೇ ಬಂದರೂ ಹತ್ತದೆ, ಅವನ ಮಾತು ನಂಬಿ ಅಲ್ಲಿಗೆ ಹೋಗಿದ್ದರಂತೆ.

“ಸಾರ್, ನಮ್ಮಕ್ಕ. ಬಸ್ಸು ನಿಂತೈತೆ, ಹೊಂಡ್ತೀನಿ” ಎಂದ ಬೈಲಪ್ಪ.

“ಸಾಹೇಬ್ರು ಊಟಕ್ಕೆ ಕುಂತಾರೆ ಕಣೋ. ಎದ್ದು ಬಂದು ಫ್ರಿಜ್ ನೋಡ್ಲಿ, ಆಮ್ಯಾಲೆ ಹಾರ್ಕೊಂಡು ಹೋಗು” ಎಂದ ಶಿವಮೂರ್ತಪ್ಪ.

“ಅಷ್ಟೊತ್ತಿಗೆ ಹೆಂಗೋ ಏನೋ ಸಾರ್...”

“ಯಾವ ಹಾವು ಅಂತ ನೋಡಿದಾರಾ? ಕೇರೆಹಾವು ಇರ್ತೈತೆ. ನಮ್ಮ ಜನಕ್ಕೆ ಎಲ್ಲಾ ನಾಗರಹಾವೇ. ಹೋಗು ಬೇಕಾದ್ರೆ, ಬ್ಯಾಡ ಅನ್ನಲ್ಲ. ನಾಳೆ ಆರ್ಡರ್ ಎಲ್ಲೈತೆ ಅಂತ ಮಾತ್ರ ಕೇಳಾಕೆ ಬರಬ್ಯಾಡ.”

ಫ್ರಿಜ್ಜಿಗೆ ಬೀಗವಿರಲಿಲ್ಲ. ಕೈ ಚಾಚಿದರೆ ಸಿಗುತ್ತಿತ್ತು. ಕೇರೆಹಾವೇ ಇರಬೇಕು ಎಂದುಕೊಂಡ ಬೈಲಪ್ಪ. ಕೇರೆಹಾವಿಗೆ ಮದ್ದು ಯಾಕೆ ಎಂದೂ ಅಂದುಕೊಂಡ. ಎಸ್ಸೆಸ್ಸೆಲ್ಸಿಯಲ್ಲಿ ಓಡದ ತಲೆ ಅವತ್ತು ಬಲು ಚುರುಕಾಗಿ ಓಡಿತು. ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಸಾಹೇಬರು ಹೋಳಿಗೆಗೆ ಮತ್ತೊಮ್ಮೆ ತುಪ್ಪ ಹಾಕಿಸಿಕೊಂಡರು. ಕೆರೆಬಿಳಚಿಯಿಂದ ಯಾರೋ ಎಳನೀರು ಕಳಿಸಿದ್ದರು, ಅದೂ ಆಯಿತು. ಒಂದು ಗಳಿಗೆ ಅಡ್ಡಾದರು. ಎದ್ದು ಬಂದು, ಫ್ರಿಜ್ ತೆಗೆದು, “ಗುಡ್” ಎಂದರು.

ಬಸ್ಸು ಬದಲಿಸಿ ಬದಲಿಸಿ ಬೈಲಪ್ಪ ಕರೆಕಲ್ಲಹಟ್ಟಿ ಮುಟ್ಟಿದಾಗ ಚೌಡಕ್ಕನ ಮುಖದ ಮೇಲೆ ಸೆರಗು ಎಳೆದಿದ್ದರು. ಹೆಣ ಒಯ್ಯಲು ಯಾವ ವಾಹನದವರೂ ಒಪ್ಪದೆ, ಊರಿಂದ ಎತ್ತಿನಗಾಡಿ ಬರಲೆಂದು ಗಂಡ ತಿಪ್ಪೇರುದ್ರಸ್ವಾಮಿ ಜಗಲಿಯಲ್ಲೇ ಕೂತಿದ್ದ. ಡಾಕ್ಟರು ಸುಮ್ಮನಿರಲಾರದೆ ಹಾಕಿದ್ದ ಗ್ಲೂಕೋಸನ್ನೇ ಅವನು ಹಾವಿನ ಮದ್ದು ಎಂದು ತಿಳಿದಿದ್ದ. ಅಲ್ಲ ಎಂದು ಯಾರೂ ಹೇಳಿರಲಿಲ್ಲ. ಬೈಲಪ್ಪ ಹಿಂಬಾಗಿಲಿನಿಂದ ಹೋಗಿ ಮೊದಲು ಶೀಶೆಗಳನ್ನು ಫ್ರಿಜ್ಜಿಗಿಟ್ಟ. ಆಮೇಲೆ ಮುಂದೆ ಬಂದು ಅತ್ತ. ಅಳುವೇನೋ ಸುಳ್ಳಲ್ಲ.

ಬೆಳಿಗ್ಗೆ ತಂಡ ಬಂತು. ಫ್ರಿಜ್ ನೋಡಿ ಮೆಚ್ಚಿಕೊಂಡು ಹೊರಬಿದ್ದ ಸಾಹೇಬರಿಗೆ ಜಗಲಿಯ ಮೇಲಿದ್ದ ಹೆಣ ಕಂಡಿತು.

“ಏನಾಗಿತ್ತು?”

“ಹಾವು ಸಾರ್” ಎಂದ ಬೈಲಪ್ಪ.

“ಮದ್ದು ಇತ್ತಲ್ಲ?”

“ತಡ ಮಾಡಿ ತಂದ್ರು ಸಾರ್.”

“ಸೌಲಭ್ಯದ ಕೊರತೆ ಇಲ್ಲ, ಜನರಿಗೆ ತಿಳಿವಳಿಕೆ ಕೊರತೆ” ಎಂದು ಸಾಹೇಬರು ಜೊತೆಯವರಿಗೆ ಹೇಳಿ ಬರೆಸಿದರು. ಕೊರತೆಯಿಲ್ಲದ ಊರಿಗೆ ಮುಂದೆ ಮದ್ದು ಬರುವುದು ನಿಂತಿತು, ಬೈಲಪ್ಪನ ಆರ್ಡರು ಬಂತು. ಅದು ಆಮೇಲಿನ ಮಾತು.

ತಿಪ್ಪೇರುದ್ರಸ್ವಾಮಿ ಎದ್ದು ಕೈ ಮುಗಿದ. “ತಪ್ಪು ನಂದೇ ಸ್ವಾಮಿ. ಸೈಕಲ್ ಕೇಳಾಕೆ ಮನೆಮನೆ ತಿರುಗಿ ಹೊತ್ತು ಕಳೆದೆ. ಬ್ಯಾಗ ತಂದಿದ್ರೆ ನಮ್ಮ ಬೈಲಪ್ಪನೇ ಇಲ್ಲಿ ಐದಾನೆ, ಉಳಿಸ್ತಿದ್ದ.”

ಜೀಪು ಹೋಯಿತು. ಬೈಲಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

“ಹೋಗ್ಲಿ ಬಿಡು ಭಾವ. ನೀನೇನು ಬೇಕಂತ ಮಾಡಿದ್ದಲ್ಲ.”

ತಿಪ್ಪೇರುದ್ರಸ್ವಾಮಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಗಾಡಿ ಬರುವವರೆಗೂ ಬಿಡಲಿಲ್ಲ.