ಸುಳಿ ನೋಡಿ ತಂದ ಕುದುರೆ

ಕುದುರೆಗೆ ಕಣ್ಣು ಕಾಣುತ್ತಿರಲಿಲ್ಲ. ಅದು ನಮ್ಮ ಯಜಮಾನರಿಗೂ ಗೊತ್ತಿತ್ತು. ಒಪ್ಪಿಕೊಳ್ಳಲಿಲ್ಲ, ಅಷ್ಟೇ. ನನ್ನ ಮಕ್ಕಳು, ಈಗ ಮೊಮ್ಮಕ್ಕಳು ಕೂಡ, ತಾತನ ಕುದುರೆಗೆ ಕೆಟ್ಟ ಸುಳಿ ಇತ್ತಂತೆ, ಅದಕ್ಕೇ ಹಾಗಾಯಿತಂತೆ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಸುಳಿಯೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ಇದು ತೊಂಬತ್ತರ ದಶಕದ ಮಾತು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮದು ಶೀಟಿನ ಮನೆ, ಪಕ್ಕದಲ್ಲಿ ಕುದುರೆಗೊಂದು ಚಪ್ಪರ. ಯಜಮಾನರು ರೈಲ್ವೆ ಸ್ಟೇಷನ್ ಹತ್ತಿರ ಜಟಕಾ ನಿಲ್ಲಿಸುತ್ತಿದ್ದರು. ಆಗಲೇ ಆಟೋಗಳು ತುಂಬಿಕೊಂಡಿದ್ದವು. ಮೂಟೆ, ಚೀಲ ಹೊತ್ತು ಬಂದವರು ಮಾತ್ರ ಜಟಕಾ ಹತ್ತುತ್ತಿದ್ದರು. ದುಡಿಮೆ ಕಡಿಮೆಯಾದರೂ ಸ್ಟ್ಯಾಂಡಿನಲ್ಲಿ ಇವರಿಗೊಂದು ಹೆಸರಿತ್ತು. ಯಾರೇ ಕುದುರೆ ಕೊಳ್ಳಲಿ, ಸುಳಿ ನೋಡಲು ಇವರನ್ನೇ ಕರೆದುಕೊಂಡು ಹೋಗುತ್ತಿದ್ದರು. ಕುದುರೆಯ ಮೈಮೇಲೆ ಕೂದಲು ಸುತ್ತಿಕೊಂಡಿರುತ್ತದಲ್ಲ, ಅದೇ ಸುಳಿ. ಹಣೆಯಲ್ಲಿದ್ದರೆ ಒಂದು ಫಲ, ಎದೆಯಲ್ಲಿದ್ದರೆ ಇನ್ನೊಂದು. ಒಂದು ಸುಳಿ ಯಜಮಾನನಿಗೆ ಆಗಿಬರುತ್ತದೆ, ಇನ್ನೊಂದು ಯಜಮಾನನನ್ನೇ ತಿನ್ನುತ್ತದೆ ಎನ್ನುತ್ತಾರೆ. ಇವರು ಕೈ ಕಟ್ಟಿಕೊಂಡು ಕುದುರೆಗೆ ಒಂದು ಸುತ್ತು ಬಂದು ‘ತಗೋಬೋದು’ ಎಂದರೆ ವ್ಯಾಪಾರ ಮುಗಿದಂತೆ. ಮನೆಯಲ್ಲಿ ಬೇರೆ ಆಸ್ತಿ ಇರಲಿಲ್ಲ. ಆ ಹೆಸರೊಂದಿತ್ತು, ಅದನ್ನು ಹೊತ್ತುಕೊಂಡು ಓಡಾಡುತ್ತಿದ್ದರು.

ಹಳೇ ಕುದುರೆ ಸತ್ತಾಗ ಕುಣಿಗಲ್ಲಿಗೆ ಹೋಗಿ ಒಬ್ಬ ದಲ್ಲಾಳಿಯಿಂದ ಕೆಂಚು ಬಣ್ಣದ ಹೆಣ್ಣು ಕುದುರೆ ತಂದರು. ಅಲ್ಲಿನ ರೇಸ್ ಕುದುರೆ ಫಾರಂನ ತಳಿ ಎಂದನಂತೆ. ಕುಣಿಗಲ್ಲಿನಲ್ಲಿ ಕತ್ತೆ ಮಾರುವವನೂ ಹಾಗೇ ಹೇಳುತ್ತಾನೆ. ಅಕ್ಕಪಕ್ಕ ಕಾಣದ ಹಾಗೆ ಗಾಡಿ ಕುದುರೆಗೆ ಹಾಕುವ ಕಣ್ಣುಪಟ್ಟಿ ಕಟ್ಟಿ, ಗಾಡಿಗೆ ಹೂಡಿಯೇ ತೋರಿಸಿದನಂತೆ. ಇವರು ಸುಳಿ ನೋಡಿದರು, ಹಲ್ಲು ನೋಡಿದರು, ಕಾಲು ಸವರಿದರು. ಕಣ್ಣುಪಟ್ಟಿ ಬಿಚ್ಚಿ ನೋಡಲಿಲ್ಲ. ಜೊತೆಗೆ ಹೋಗಿದ್ದವರ ಜಟಕಾದ ಹಿಂದೆ ಅದನ್ನು ಕಟ್ಟಿಕೊಂಡು ಬಂದರು. ಮುಂದೆ ಗಾಲಿಯ ಸದ್ದಿತ್ತು, ಕುತ್ತಿಗೆಯಲ್ಲಿ ಹಗ್ಗವಿತ್ತು, ಬಂತು.

“ಒಂದೇ ಒಂದ್ ಕೆಟ್ಟ ಸುಳಿ ಇಲ್ಲ ಕಣೇ. ಇಂಥಾ ಕುದ್ರೆ ತುಮಕೂರಿಗೇ ಬಂದಿಲ್ಲ” ಎಂದರು.

ನಾನು ನೀರಿನ ಬಕೆಟ್ ಇಟ್ಟೆ. ಅದು ಬಕೆಟ್ಟಿನ ಪಕ್ಕದ ನೆಲವನ್ನು ಮೂಸಿತು. ನನ್ನ ತವರು ಗುಬ್ಬಿ ಕಡೆ, ಸಿ.ಎಸ್. ಪುರ. ಅಲ್ಲಿ ಕಣ್ಣು ಹೋದ ಎಮ್ಮೆಯೊಂದಿತ್ತು. ಅದು ತಲೆ ತಗ್ಗಿಸಿ, ಇಲ್ಲದ ಮೆಟ್ಟಿಲು ಹತ್ತುವ ಹಾಗೆ ಕಾಲು ಎತ್ತೆತ್ತಿ ಇಡುತ್ತಿತ್ತು. ಈ ಕುದುರೆಯೂ ಹಾಗೇ ಇಡುತ್ತಿತ್ತು. ಕಣ್ಣು ಮೇಲೆ ಚೆನ್ನಾಗಿಯೇ ಇತ್ತು, ಬಿಸಿಲಿಗೆ ಹಿಡಿದು ನೋಡಿದರೆ ಒಳಗೆ ಹೊಗೆಯಾಡಿದ ಹಾಗೆ ಕಾಣುತ್ತಿತ್ತು.

“ಇದ್ಕೆ ಕಣ್ಣು ಸರಿಗಿಲ್ಲ. ನೋಡಿ ಇಲ್ಲಿ” ಎಂದೆ.

ಅವರು ಕಣ್ಣಿನ ಮುಂದೆ ಕೈ ಬೀಸಿದರು. ಗಾಳಿಗೆ ಕುದುರೆ ರೆಪ್ಪೆ ಬಡಿಯಿತು. “ಕಂಡ್ತಾ? ಎಮ್ಮೆ ಕಾಯ್ಕಂಡಿದ್ದೋಳು ನಂಗೆ ಕುದ್ರೆ ಹೇಳ್ಕೊಡ್ತಾಳೆ” ಎಂದರು. ಆದರೆ ಇನ್ನೊಂದು ಸಲ ಕೈ ಬೀಸಲಿಲ್ಲ. ಅಲ್ಲಿಗೆ ಅವರಿಗೂ ಗೊತ್ತಾಯಿತು ಎಂದು ತಿಳಿದುಕೊಂಡೆ.

ಮಾರನೇ ದಿನದಿಂದ ಶುರುವಾಯಿತು. ಗಾಡಿಗೆ ಹೂಡಿದರೆ ಕುದುರೆ ಹೆಜ್ಜೆ ಎತ್ತುತ್ತಿರಲಿಲ್ಲ. ಚಾವಟಿಯಲ್ಲಿ ಬಾರಿಸಿದರೆ ಹಿಂದೆ ಹಿಂದೆ ಬರುತ್ತಿತ್ತು. ಸ್ಟ್ಯಾಂಡಿನವರು ತಲೆಗೊಂದು ಮಾತು ಹೇಳಿದರು. ಕಿವಿ ತಿರುಚು ಎಂದ ಒಬ್ಬ, ಬಾಲ ಮುರಿ ಎಂದ ಇನ್ನೊಬ್ಬ. ಎಲ್ಲ ಆಯಿತು. ಇಷ್ಟು ಒಳ್ಳೆ ಸುಳಿಯ ಕುದುರೆ ಹೀಗೆ ಮೊಂಡು ಹಿಡಿಯುವುದೇ ಇಲ್ಲ, ಇದು ಕೊಬ್ಬು ಎಂದು ಯಜಮಾನರು ಇನ್ನಷ್ಟು ಹೊಡೆದರು.

ನಾನು ಲಗಾಮು ಹಿಡಿದು ಮುಂದೆ ನಡೆದರೆ ಮಾತ್ರ ಬರುತ್ತಿತ್ತು. ನನ್ನ ಭುಜಕ್ಕೆ ಮೂತಿ ತಾಗಿಸಿಕೊಂಡು, ಬಾಯಲ್ಲಿ ಏನಾದರೂ ಅನ್ನುತ್ತಿದ್ದರೆ ಸಾಕು, ಬರುತ್ತಿತ್ತು. ಅಕ್ಕಿ ಮುಗೀತು, ನಿಮ್ಮಪ್ಪ ಸೀಮೆಎಣ್ಣೆ ತರಲಿಲ್ಲ, ಹೀಗೇ ಬಾಯಿಗೆ ಬಂದದ್ದು. ದಿನಾ ಬೆಳಿಗ್ಗೆ ಮನೆಯಿಂದ ಸ್ಟ್ಯಾಂಡಿನ ಹಿಂದಿನ ತಿರುವಿನವರೆಗೆ ನಡೆಸಿಕೊಂಡು ಹೋಗುತ್ತಿದ್ದೆ. ಅಲ್ಲಿ ಟೀ ಅಂಗಡಿ ಬಂದ ಕೂಡಲೇ ಯಜಮಾನರು “ಸಾಕು, ಇಲ್ಲೇ ನಿಲ್ಲು” ಎನ್ನುತ್ತಿದ್ದರು. ಅದರಾಚೆ ನಾನು ಹೋಗುವ ಹಾಗಿಲ್ಲ, ಅಲ್ಲಿಂದ ಸ್ಟ್ಯಾಂಡಿಗೆ ಅವರೇ ಇಳಿದು ಎಳೆದುಕೊಂಡು ಹೋಗುತ್ತಿದ್ದರು. ಹೋದರೆ ಹೆಂಗಸು ಹಿಡಿದರೆ ಮಾತ್ರ ಕುದುರೆ ಯಾಕೆ ನಡೆಯುತ್ತದೆ ಎಂದು ಸ್ಟ್ಯಾಂಡಿನ ನಾಲ್ಕು ಜನ ಕೇಳುತ್ತಾರೆ, ಕೇಳಿದವರು ಕಣ್ಣುಪಟ್ಟಿ ಎತ್ತಿ ನೋಡುತ್ತಾರೆ. ಕುರುಡು ಕುದುರೆ ಕೊಂಡವನನ್ನು ಆಮೇಲೆ ಯಾರು ಕರೆಯುತ್ತಾರೆ?

ದಾರಿಯಲ್ಲಿ ಎದುರಾಗುವ ಆಟೋದವರಿಗೆ ಅದು ದಿನದ ತಮಾಷೆ. “ಬಂತು ನೋಡ್ರಪ್ಪಾ, ಅಮ್ಮ ಇಂಜಿನ್ನು, ಕುದ್ರೆ ಬೋಗಿ, ಯಜಮಾನ್ರು ಗಾರ್ಡು!”

“ನಿನ್ನ ಡಬ್ಬ ಕೆಟ್ಟಾಗ ತಳ್ಳಕ್ಕೆ ಯಾರ್ ಬರ್ತಾರೆ ಅಂತ ನಾನೂ ನೋಡಿದೀನಿ ಹೋಗ್ಲಾ” ಎಂದು ನಾನೂ ಅನ್ನುತ್ತಿದ್ದೆ.

ಆ ದಿನ ತಿರುವಿನಲ್ಲಿ ಬಿಟ್ಟು ಹಿಂದಿರುಗುತ್ತಿದ್ದೆ. ರೈಲು ಬಂದಿತ್ತು. ಗಂಡ ಹೆಂಡತಿ ಇಬ್ಬರು ಕಾಯಿ ಮೂಟೆ ಸಮೇತ ಜಟಕಾ ಹತ್ತಿದ್ದರು. ಕುದುರೆ ಅಲ್ಲಾಡಲಿಲ್ಲ. ಅದರ ಮುಂದೆ ಸ್ವಲ್ಪ ದೂರದಲ್ಲಿ ಜಲ್ಲಿ ಲಾರಿಯೊಂದು ಇಂಜಿನ್ ಆಫ್ ಮಾಡದೆ ನಿಂತಿತ್ತು. ಆ ಸದ್ದಿಗೆ ಅದರ ಮೈಯೆಲ್ಲ ನಡುಗುತ್ತಿತ್ತು. ಚಾವಟಿಯ ಸದ್ದು ನನಗೆ ಟೀ ಅಂಗಡಿಯವರೆಗೂ ಕೇಳಿತು.

“ಇಳೀರಿ ಸಾರ್, ಅದು ನಾಳೆ ಹೊರಡೋ ಗಾಡಿ” ಎಂದ ಒಬ್ಬ ಆಟೋದವನು. ಜನ ನಕ್ಕರು. ಆ ಗಂಡ ಹೆಂಡತಿ ಇಳಿದು ಮೂಟೆಯನ್ನು ಆಟೋಗೆ ಹಾಕಿಸಿದರು.

ನಾನು ತಿರುವು ದಾಟಿ ಹೋದೆ. “ಬಿಡಿ, ನಾನ್ ಹಿಡ್ಕೊಂಡ್ ನಡೀತೀನಿ” ಎಂದೆ.

ಎಲ್ಲರ ಮುಂದೆ ಹಾಗೆ ಅಂದದ್ದು ಅವರಿಗೆ ತಡೆಯಲಾಗಲಿಲ್ಲ. “ಮನೆಗ್ ಹೋಗೇ!” ಎಂದು ಕೂಗಿ, ಕಾಲ ಕೆಳಗಿದ್ದ ಹುಲ್ಲು ಎಳೆದುಕೊಂಡು ಇಳಿದರು. ಬೆಂಕಿಕಡ್ಡಿ ಗೀರಿ, ಉರಿಯುವ ಹುಲ್ಲನ್ನು ಕುದುರೆಯ ಹೊಟ್ಟೆಯ ಕೆಳಗೆ ಹಿಡಿದರು. ನಾನು ಲಗಾಮಿಗೆ ಕೈ ಹಾಕುವಷ್ಟರಲ್ಲಿ ಕುದುರೆ ಮುಂದಕ್ಕೆ ನೆಗೆಯಿತು. ಅಷ್ಟು ದಿನ ಎಲ್ಲರೂ ಅದಕ್ಕೆ ಹೇಳಿದ್ದು ಮುಂದೆ ಹೋಗು ಎಂದೇ ತಾನೆ? ಹೋಯಿತು. ನೇರ ಲಾರಿಗೆ ಹೋಗಿ ಗುದ್ದಿತು.

ಮುಂಗಾಲೊಂದು ಮುರಿದು ನೇತಾಡುತ್ತಿತ್ತು. ದನದ ಡಾಕ್ಟರು ಬಂದು ನೋಡಿ, ಇನ್ನು ಆಗಲ್ಲ ಎಂದು ಸೂಜಿ ಹಾಕಿದರು. ಅದು ಸುಮ್ಮನಾಗುವವರೆಗೂ ತಲೆ ಹಿಡಿದು ಕೂತಿದ್ದೆ. ಹಿಡಿಯಲು ಬೇರೆ ಯಾರೂ ಬರಲಿಲ್ಲ.

ವಯಸ್ಸಾದ ಜಟಕಾ ಸಾಬರೊಬ್ಬರು ಬಗ್ಗಿ ಕಣ್ಣುಪಟ್ಟಿ ಎತ್ತಿದರು. ಸ್ವಲ್ಪ ಹೊತ್ತು ನೋಡಿದರು. “ಯಜಮಾನ್ರೇ, ಇದ್ಕೆ ಕಣ್ಣು…” ಎಂದರು.

“ಕಣ್ಣಲ್ಲ ಸಾಬ್ರೇ, ಸುಳಿ” ಎಂದರು ಇವರು. “ಹೊಟ್ಟೆ ಪಟ್ಟಿ ಅಡೀಲಿತ್ತು. ಪಟ್ಟಿ ಬಿಗಿದೇ ತೋರ್ಸಿದ್ದ ಆ ಕುಣಿಗಲ್ ನನ್ಮಗ. ಎಂಥೋರ್ಗೂ ಕಾಣಲ್ಲ.”

“ಹೌದೌದು, ಅಲ್ಲಿದ್ರೆ ಯಾರ್ಗ್ ಕಾಣುತ್ತೆ” ಎಂದರು ಉಳಿದವರು. ಹೊಟ್ಟೆ ಪಟ್ಟಿ ಬಿಚ್ಚಿ ಯಾರೂ ನೋಡಲಿಲ್ಲ. ಸಾಬರು ನನ್ನ ಮುಖ ನೋಡಿದರು. ಕಣ್ಣುಪಟ್ಟಿಯನ್ನು ಮೊದಲಿದ್ದ ಹಾಗೇ ಇಳಿಬಿಟ್ಟು ಎದ್ದು ಹೋದರು. ಹೀಗೆ ಯಜಮಾನರ ಹೆಸರು ಉಳಿಯಿತು. ಗಾಡಿ ಹೋಯಿತು, ಕುದುರೆ ಹೋಯಿತು, ದುಡಿಮೆ ಹೋಯಿತು. ಆಮೇಲೆ ಅವರು ಲಗಾಮು ಮುಟ್ಟಲಿಲ್ಲ. ಆದರೆ ಸುಳಿ ನೋಡಲು ಒಂದೆರಡು ವರ್ಷ ಜನ ಕರೆಯುತ್ತಲೇ ಇದ್ದರು, ಇವರು ಹೋಗುತ್ತಲೂ ಇದ್ದರು.

ಅವತ್ತು ರಾತ್ರಿ ಮನೆಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ, ಕುದುರೆಗೆಂದು ನೆನೆಹಾಕಿದ್ದ ಹುರುಳಿ ಪಾತ್ರೆ ತುಂಬ ಉಬ್ಬಿಕೊಂಡಿತ್ತು. ಎರಡು ಸಲ ತೊಳೆದು ಬೇಯಲು ಇಟ್ಟೆ. ಕಟ್ಟು ಬಸಿದು ಸಾರು ಮಾಡಿ, ಮುದ್ದೆ ಕಟ್ಟಿ, ತಟ್ಟೆ ತಂದು ಅವರ ಮುಂದಿಟ್ಟೆ.

“ಏನ್ ಸಾರು?”

“ಹುರುಳಿ ಕಟ್ಟು.”

ತಲೆ ಎತ್ತದೆ ಉಂಡರು. ನಾನೂ ಉಂಡೆ. ತಟ್ಟೆ ತೊಳೆದಿಟ್ಟು, ಹುಣಸೆಹಣ್ಣಿನ ಮಂಡಿಯಲ್ಲಿ ಬೀಜ ಬಿಡಿಸುವ ಕೆಲಸಕ್ಕೆ ಹೆಂಗಸರು ಬೇಕೇ ಎಂದು ಕೇಳಲು ಹೋದೆ.