ಅಣ್ಣನ ಎಡ ಮೊಣಕೈ

ನಮ್ಮಣ್ಣ ಚನ್ನವೀರಪ್ಪ ಗಾಲ್ಫ್ ಆಡುತ್ತಾನೆ ಎಂಬ ಸುದ್ದಿ ಹಬ್ಬಿದಾಗ ಪೇಟೆಯ ಅರ್ಧ ಜನ ನಂಬಲಿಲ್ಲ. ಉಳಿದರ್ಧ ಜನ ನನ್ನನ್ನು ಕರೆದು ಚಹಾ ಕುಡಿಸಿ, ಖರೆ ಏನು ಎಂದು ಕೇಳಿದರು. ಖರೆಯೇ ಆಗಿತ್ತು. ಸೋಲಾಪುರದಲ್ಲಿ ನೂಲು, ಬಣ್ಣದ ಅಂಗಡಿ ಇಟ್ಟುಕೊಂಡ ಐವತ್ತು ದಾಟಿದ ಮನುಷ್ಯ, ಧೋತರ ಬಿಗಿದು ಕಟ್ಟಿ, ಹೋಟಗಿ ರಸ್ತೆಯ ಬಯಲಿಗೆ ದಿನಾ ಮುಂಜಾನೆ ಒಂದು ಬಿಳಿ ಚೆಂಡನ್ನು ಕೋಲಿನಿಂದ ಹೊಡೆಯಲು ಹೋಗುತ್ತಿದ್ದ. ಹೊಡೆಯಲು ಹೋಗುತ್ತಿದ್ದ ಎಂದೇ ಹೇಳಬೇಕು. ಹೊಡೆಯುತ್ತಿದ್ದ ಎಂದರೆ ಸುಳ್ಳಾದೀತು.

ನಾನು ಅವನ ತಮ್ಮ ಕಲ್ಯಾಣಪ್ಪ. ಅವನು ಬಯಲಿಗೆ ಹೋದಾಗಲೆಲ್ಲ ಅಂಗಡಿಯ ಗಾದಿಯ ಮೇಲೆ ಒಬ್ಬನೇ ಕೂತು ಗಿರಾಕಿಗಳ ಜೊತೆ ಗಂಟಲು ಹರಿದುಕೊಂಡವನು ನಾನು. ಹಾಗಾಗಿ ಆ ಆಟದ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಅದನ್ನೇನೂ ಮುಚ್ಚಿಡುವುದಿಲ್ಲ.

ಎಪ್ಪತ್ಮೂರನೇ ಇಸವಿಯಲ್ಲಿ ಅಣ್ಣನಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ನಾಲ್ಕು ಮೈಲಿ ನಡೆಯಿರಿ ಎಂದರು ಡಾಕ್ಟರು. ಅವನ ಸಾಲೆಯ ಗೆಳೆಯ ದಿಗಂಬರರಾವ್ ರೈಲ್ವೆಯಲ್ಲಿ ಇಂಜಿನಿಯರನಾಗಿ ನಿವೃತ್ತನಾಗಿದ್ದ. ‘ಸುಮ್ನ ನಡ್ಯೂದಕಿಂತ ನಮ್ಮ ಗಾಲ್ಫ್ ಮೈದಾನಕ್ಕ ಬರ್ರಿ, ನಡದಂಗೂ ಆತು, ಆಡಿದಂಗೂ ಆತು’ ಎಂದು ಅವನೇ ಕರೆದುಕೊಂಡು ಹೋದ. ಮೊದಲ ದಿನ ಅಣ್ಣ ತಮಾಷೆಗೆಂದು ಕೋಲು ಬೀಸಿದಾಗ ಚೆಂಡು ಹೇಗೋ ಸರಿಯಾಗಿ ತಾಗಿ ಗಾಳಿಗೆ ಏರಿತಂತೆ. ಕೆಟ್ಟದ್ದು ಅಲ್ಲಿಯೇ. ಆಮೇಲೆ ಎರಡು ವರ್ಷ ಅದು ಏರಲೇ ಇಲ್ಲ.

ಮೈದಾನ ಎಂದರೆ ಹಸಿರು ಹುಲ್ಲಿನದೇನಲ್ಲ. ಬೇಸಿಗೆಯಲ್ಲಿ ಬಿರುಕು ಬಿಡುವ ಎರೆ ನೆಲ, ಅಲ್ಲಲ್ಲಿ ಜಾಲಿ ಕಂಟಿ, ಚೆಂಡು ಕೆಡವಲು ಒಟ್ಟು ಒಂಬತ್ತು ಕುಣಿ. ಕುಣಿಯ ಸುತ್ತ ಹುಲ್ಲು ಬೆಳೆಸಲು ನೀರಿಲ್ಲದೆ ಎಣ್ಣೆ ಬೆರೆಸಿದ ಮರಳು ಹಾಸಿದ್ದರು. ಐದನೆಯ ಕುಣಿಗೆ ಹೋಗುವಾಗ ನಡುವೆ ಒಂದು ಅಗಲವಾದ ಹಳ್ಳ ಅಡ್ಡ ಬರುತ್ತಿತ್ತು. ಮಿಲ್ಲಿನ ಅಧಿಕಾರಿಗಳು, ರೈಲ್ವೆಯವರು, ನಾಲ್ಕಾರು ಡಾಕ್ಟರರು ಎಲ್ಲರ ಚೆಂಡೂ ಆ ಹಳ್ಳ ದಾಟುತ್ತಿತ್ತು. ನಮ್ಮಣ್ಣನದು ನೆಲ ಹಿಡಿದು ಉರುಳುತ್ತ ಹೋಗಿ ಹಳ್ಳಕ್ಕೆ ಬೀಳುತ್ತಿತ್ತು. ದಿನಾ ಬೀಳುತ್ತಿತ್ತು.

‘ಎಡ ಮೊಣಕೈ ಹಾರ್ತದ ನಿಮ್ದು. ಕೋಲು ಎತ್ತೂಮುಂದ ಎಡಗೈ ಎದಿಗಿ ಹತ್ತಿ ಹೋಗಬೇಕು, ನೀವು ಕೋಳಿ ರೆಕ್ಕಿ ಬಿಚ್ಚಿದಂಗ ಬಿಚ್ತೀರಿ. ಅದರ ಮ್ಯಾಲ ಹೊಡ್ಯೂಮುಂದ ಎದ್ದು ನಿಂದರ್ತೀರಿ’ ಎನ್ನುತ್ತಿದ್ದ ದಿಗಂಬರರಾವ್. ಕಂಕುಳಲ್ಲಿ ಕರವಸ್ತ್ರ ಇಟ್ಟುಕೊಂಡು, ಅದು ಬೀಳದಂತೆ ಬೀಸಿರಿ ಎಂದು ಹೇಳಿಕೊಟ್ಟ. ಕರವಸ್ತ್ರ ಬೀಳುತ್ತಲೇ ಇತ್ತು. ಅಣ್ಣ ಮನೆಯ ಮಾಳಿಗೆಯ ಮೇಲೆ ಎರಡು ಚಾದರ ಕಟ್ಟಿ ಅದಕ್ಕೆ ಚೆಂಡು ಹೊಡೆಯತೊಡಗಿದ. ನೀಲಗಂಗಾ ವೈನಿ, ಅಂದರೆ ಅಣ್ಣನ ಹೆಂಡತಿ, ತೂತು ಬಿದ್ದ ಚಾದರಗಳನ್ನು ನನ್ನ ಮುಂದೆ ಹರವಿ ‘ನೋಡ್ರಿ ನಿಮ್ಮಣ್ಣನ ಪರಾಕ್ರಮ’ ಎಂದು ಹಣೆ ಬಡಿದುಕೊಂಡರು.

ಒಂದು ದಿನ ನಾನೂ ತಡೆಯದೆ ಜಗಳಕ್ಕೇ ನಿಂತೆ. ಈ ವಯಸ್ಸಿನಲ್ಲಿ ಚಿಣ್ಣಿದಾಂಡು ಬೇಕಾ, ಜನ ನಗುತ್ತಾರೆ ಎಂದೆ. ಅಣ್ಣ ಸಿಟ್ಟಾಗಲಿಲ್ಲ.

‘ಕಲ್ಯಾಣೀ, ಅಪ್ಪ ಹೋದಾಗ ನನಗ ಹದಿನಾರು’ ಎಂದ. ‘ಗಾದಿ ಮ್ಯಾಲ ಕುಂಡ್ರು ಅಂದ್ರು, ಕುಂತೆ. ಲಗ್ನ ಆಗು ಅಂದ್ರು, ಆದೆ. ತಮ್ಮನ್ನ ಸಾಲಿ ಕಲಸು ಅಂದ್ರು, ಕಲಸಿದೆ. ಯಾವುದಕ್ಕೂ ನನಗೇನು ಬ್ಯಾಸರಿಲ್ಲ. ಆದ್ರ ಇದೊಂದು ಯಾರೂ ಹೇಳಿದ್ದಲ್ಲ, ನಾನ ಹಿಡದದ್ದು. ಒಂದ ಸಲ ಆ ಹಳ್ಳ ದಾಟಸ್ತೀನಿ. ಒಂದ ಸಲ.’

ಅವನು ಕಲಿಸಿದ ಸಾಲೆ ಕಲಿತವನು ನಾನೇ. ಬೀಗದಕೈ ತೆಗೆದುಕೊಂಡು ಅಂಗಡಿಗೆ ಹೋದೆ.

ಎಪ್ಪತ್ತೈದರ ಬೇಸಿಗೆಯಲ್ಲಿ ದಿಗಂಬರರಾವನಿಗೆ ಕಾರಣ ಹೊಳೆಯಿತು. ಅಣ್ಣ ನೆಲದ ಮೇಲಿನ ಚೆಂಡು ಎತ್ತಿಕೊಳ್ಳಲು ಬಗ್ಗಿದಾಗಲೆಲ್ಲ ಅವನ ಎಡಗೈ ತಾನಾಗಿ ಎದೆಗೆ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಲಿಂಗ ಕಟ್ಟಿಕೊಂಡವರು. ಬೆಳ್ಳಿಯ ಕರಡಿಗೆಯೊಳಗಿನ ಲಿಂಗ ಶಿವದಾರದಲ್ಲಿ ಎದೆಯ ಮೇಲೆ ತೂಗುತ್ತಿರುತ್ತದೆ. ಬಗ್ಗಿದರೆ ಅದು ಮುಂದೆ ಜೋಲುತ್ತದೆ, ಅದಕ್ಕೇ ಕೈ ಹೋಗಿ ಹಿಡಿಯುತ್ತದೆ. ಚಿಕ್ಕಂದಿನಿಂದ ಬಂದ ರೂಢಿ, ನಮಗೆ ಗೊತ್ತೂ ಆಗುವುದಿಲ್ಲ. ಕೋಲು ಎತ್ತುವಾಗ ಎಡ ತೋಳು ಎದೆಗೆ ಒತ್ತಬೇಕು, ಆದರೆ ಅಲ್ಲಿ ಕರಡಿಗೆ ಇದೆ. ಅದಕ್ಕೆ ಪೆಟ್ಟಾಗಬಾರದೆಂದು ಅಣ್ಣನ ಮೈ ಅವನನ್ನು ಕೇಳದೆಯೇ ಮೊಣಕೈಯನ್ನು ಹೊರಗೆ ಎತ್ತುತ್ತಿತ್ತು, ಹೊಡೆಯುವಾಗ ಎದ್ದು ನಿಲ್ಲುತ್ತಿತ್ತು.

ಕಾರಣ ಸಿಕ್ಕ ಖುಷಿಯಲ್ಲಿ ದಿಗಂಬರರಾವ್, ‘ಅಷ್ಟೇ ನಾ? ಹಾಗಾದ್ರ ಅರ್ಧಾ ತಾಸು ಅದನ್ನ ತಗದಿಡ್ರಿ’ ಎಂದುಬಿಟ್ಟ.

ಅಣ್ಣ ಕೋಲನ್ನು ಅಲ್ಲೇ ಒಗೆದು ಮನೆಗೆ ಬಂದ. ಎಂಟು ದಿನ ಗೆಳೆಯನ ಮುಖ ನೋಡಲಿಲ್ಲ. ‘ಜೀವ ತಗದಿಡು ಅಂದಂಗ ಅಂದಾನ’ ಎಂದು ಕುದಿಯುತ್ತಿದ್ದ. ದಿಗಂಬರರಾವ್ ಮನೆಗೇ ಬಂದು, ತಿಳಿಯದೆ ಅಂದೆ, ತಪ್ಪಾಯಿತು ಎಂದು ಕೈ ಹಿಡಿದುಕೊಂಡ ಮೇಲೆ ಸಮಾಧಾನವಾದ. ಆಮೇಲೆ ಶಿವದಾರ ಗಿಡ್ಡ ಮಾಡಿ ನೋಡಿದ, ಕರಡಿಗೆ ಗದ್ದಕ್ಕೆ ಬಡಿಯಿತು. ಉದ್ದ ಮಾಡುವಂತಿರಲಿಲ್ಲ, ಹೊಕ್ಕಳ ಕೆಳಗೆ ಲಿಂಗ ಇಳಿಯಬಾರದು. ಪಂಚೆಯಿಂದ ಎದೆಗೆ ಬಿಗಿದು ಕಟ್ಟಿಕೊಂಡರೆ ಉಸಿರು ಕಟ್ಟುತ್ತಿತ್ತು.

ಅದೇ ಶ್ರಾವಣದಲ್ಲಿ ಒಂದು ಮುಂಜಾನೆ ಏನು ನಡೆಯಿತೆಂಬುದನ್ನು ಅವನು ವೈನಿಗೆ ಹೇಳಿದ, ವೈನಿ ಬಹಳ ದಿನದ ಮೇಲೆ ನನಗೆ ಹೇಳಿದರು. ಅವತ್ತು ದಿಗಂಬರರಾವ್ ಬಂದಿರಲಿಲ್ಲ. ಮಳೆಯಾಗಿ ಬಯಲಿನಲ್ಲಿ ಯಾರೂ ಇರಲಿಲ್ಲ. ಅಣ್ಣ ಹಳ್ಳದ ಈಚೆ ನಿಂತು ಬಹಳ ಹೊತ್ತು ಯೋಚಿಸಿ, ಲಿಂಗ ತೆಗೆದು ಹತ್ತಿರದ ಬೇವಿನ ಮರದ ಟೊಂಗೆಗೆ ತೂಗುಹಾಕಿದ. ತಿರುಗಿ ಬಂದು ಒಂದೇ ಒಂದು ಚೆಂಡು ಹೊಡೆದ. ಚೆಂಡು ಹಳ್ಳದ ಮೇಲೆ ಹಾರಿ ಆಚೆ ದಂಡೆಗೆ ಬಿತ್ತು. ನೋಡಿದ, ನಕ್ಕ, ತಿರುಗಿದ. ಟೊಂಗೆಯ ಮೇಲೆ ಲಿಂಗ ಕಾಣಲಿಲ್ಲ.

ಗಾಳಿಗೆ ದಾರ ಎಲೆಗಳ ಹಿಂದೆ ಸರಿದಿತ್ತು, ಅಷ್ಟೆ. ಆದರೆ ಅದು ಸಿಗುವವರೆಗೆ ಕೆಸರಿನಲ್ಲಿ ಮಂಡಿಯೂರಿ, ಬಿದ್ದಿದೆಯೇನೋ ಎಂದು ಎರಡೂ ಕೈಯಿಂದ ಕಸ ಕೆದರಿದನಂತೆ. ಸಿಕ್ಕ ಮೇಲೆ ಕಟ್ಟಿಕೊಂಡು, ಕೋಲಿನ ಚೀಲ ಹೊತ್ತು, ಸೀದಾ ದಿಗಂಬರರಾವನ ಮನೆಗೆ ಹೋಗಿ ಇಟ್ಟುಬಂದ. ‘ಮುಗೀತು’ ಎಂದಷ್ಟೇ ಹೇಳಿದ.

ನನಗೆ ಖುಷಿಯಾಯಿತು. ಅದನ್ನೂ ಮುಚ್ಚಿಡುವುದಿಲ್ಲ. ಅಣ್ಣನಿಗೆ ಬುದ್ಧಿ ಬಂತು, ಇನ್ನು ಇಬ್ಬರೂ ಕೂಡಿ ಅಂಗಡಿ ನೋಡಬಹುದು ಎಂದುಕೊಂಡೆ. ಅವನು ಬಂದು ಗಾದಿಯ ಮೇಲೆ ಕೂತದ್ದೇನೋ ನಿಜ, ಕೂತವನು ಮಾತ್ರ ನಮ್ಮಣ್ಣನಾಗಿರಲಿಲ್ಲ. ಗಿರಾಕಿಗಳ ಮುಖ ನೋಡುತ್ತಿರಲಿಲ್ಲ. ಪೂಜೆಗೆ ಕೂತರೆ ಅಂಗೈಯಲ್ಲಿನ ಲಿಂಗ ನೋಡುತ್ತ ತಾಸುಗಟ್ಟಲೆ ಏಳುತ್ತಿರಲಿಲ್ಲ. ಆಗಿನ್ನೂ ನನಗೆ ಬೇವಿನ ಮರದ ಸಂಗತಿ ಗೊತ್ತಿರಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ, ಈ ಮನುಷ್ಯ ಬಯಲಿಗೆ ಹೋಗಿ ಕೋಲಿನಿಂದ ನೆಲ ಬಡಿದುಕೊಂಡಾದರೂ ಬರಲಿ ದೇವರೇ ಎಂದು ನಾನೇ ಬೇಡಿಕೊಳ್ಳುವಂತಾಯಿತು.

ದೀಪಾವಳಿಗೆ ವೈನಿ ಅವನನ್ನು ತಮ್ಮ ತವರು ಚಪಳಗಾಂವಕ್ಕೆ ಹೊರಡಿಸಿದರು. ನಾನೂ ಜೊತೆಗೆ ಹೋದೆ. ಅಲ್ಲಿ ವೈನಿಯ ಕಾಕಾ ನಾಗಪ್ಪ, ಎಪ್ಪತ್ತು ವರ್ಷದ ಮುದುಕ, ಹಿತ್ತಿಲಿನಲ್ಲಿ ಜಾಲಿಯ ಬೊಡ್ಡೆ ಒಡೆಯುತ್ತಿದ್ದ. ಕೊಡಲಿ ಹೆಗಲ ಹಿಂದಿನಿಂದ ಎದ್ದು ಬಂದು ಒಂದೇ ಜಾಗಕ್ಕೆ ಬೀಳುತ್ತಿತ್ತು. ಅಣ್ಣ ಕಟ್ಟೆಯ ಮೇಲೆ ಕೂತು ಅವನ ತೋಳುಗಳನ್ನೇ ನೋಡುತ್ತಿದ್ದವನು ತಟ್ಟನೆ ಕೇಳಿದ:

‘ಕಾಕಾ, ಎದಿ ಮ್ಯಾಲ ಲಿಂಗ ಕಾಣವಲ್ದಲ್ಲ?’

ಮುದುಕ ತಲೆಗೆ ಸುತ್ತಿದ ರುಮಾಲು ತೋರಿಸಿದ. ‘ಇಲ್ಲೇ ಅದ, ರುಮಾಲಿನ್ಯಾಗ. ಎದಿ ಮ್ಯಾಲಿದ್ರ ಕೊಡ್ಲಿ ಬೀಸಾಕ ಬರ್ತದೇನಪಾ? ಒಕ್ಕಲುತನದಾವ್ರು ನಾವು, ದಿನಾ ಬಗ್ಗೂದು, ಏಳೂದು. ನಮ್ಮಪ್ಪನೂ ಹಿಂಗ ಕಟ್ಕೋತಿದ್ದ.’

‘ಬೀಳೂದಿಲ್ಲೇನು?’

‘ತಲಿ ಅಲ್ಲಾಡಿಸಿದ್ರ ಬೀಳ್ತದ. ಅಲ್ಲಾಡಿಸಬಾರ್ದು.’

ನಮ್ಮ ಮನೆತನದವರು ನಾಲ್ಕು ತಲೆಮಾರಿನಿಂದ ಗಾದಿಯ ಮೇಲೆ ಕೂತವರು. ಮೈ ಬಗ್ಗಿಸಿ ದುಡಿಯುವವರಿಗೆ ಗೊತ್ತಿದ್ದ ಮಾತು ನಮಗೆ ಮರೆತೇಹೋಗಿತ್ತು. ಅಣ್ಣ ವೈನಿಯ ಕಡೆ ನೋಡಿದ. ವೈನಿ ಆಗಲೇ ಅವನ ಕಡೆ ನೋಡುತ್ತಿದ್ದರು.

ಆದರೂ ಅವನ ಮನಸ್ಸು ಒಪ್ಪಲಿಲ್ಲ. ತಿರುಗಿ ಬರುವಾಗ ಅಕ್ಕಲಕೋಟದಲ್ಲಿ ಬಸ್ಸಿಳಿದು ಪರಿಚಯದ ಒಬ್ಬ ಮಠದ ಅಯ್ಯನವರ ಹತ್ತಿರ ಹೋದೆವು. ಲಿಂಗವನ್ನು ತಲೆಯ ಮೇಲೆ ಧರಿಸುವುದು ಶಾಸ್ತ್ರದಲ್ಲೇ ಇದೆ ಎಂದರು ಅವರು. ಅಣ್ಣ ಏಳಲಿಲ್ಲ. ಬೇವಿನ ಮರದ ಸಂಗತಿಯನ್ನೂ ಹೇಳಿಬಿಟ್ಟ. ನಾನು ಅದನ್ನು ಕೇಳಿದ್ದು ಆಗಲೇ ಮೊದಲು. ವಿವರವನ್ನೆಲ್ಲ ವೈನಿ ಆಮೇಲೆ ಹೇಳಿದರು.

‘ಯಾಕ ತಗದಿದ್ರಿ?’ ಎಂದರು ಅಯ್ಯನವರು.

‘ಚೆಂಡ ಹೊಡ್ಯಾಕ್ರೀ’ ಎಂದ ಅಣ್ಣ, ನೆಲ ನೋಡುತ್ತ.

ಅಯ್ಯನವರು ನಗಲಿಲ್ಲ, ಬಯ್ಯಲಿಲ್ಲ. ‘ಸಿಕ್ತಲ್ಲ, ಇನ್ನ ಮೈಮ್ಯಾಲಿಂದ ಬಿಡಬ್ಯಾಡ್ರಿ’ ಎಂದರು. ಅಣ್ಣ ತಾನಾಗಿಯೇ ಅವರ ಮುಂದೆ ಮಾತು ಕೊಟ್ಟ: ಲಿಂಗವಿದ್ದ ರುಮಾಲು ಒಂದೇ ಒಂದು ಸಲ ಜಾರಿದರೂ ಈ ಜನ್ಮದಲ್ಲಿ ಕೋಲು ಮುಟ್ಟುವುದಿಲ್ಲ. ಅಷ್ಟು ದೊಡ್ಡ ಮಾತು ಯಾಕೆ ಕೊಟ್ಟೆ ಎಂದು ಸೋಲಾಪುರ ಮುಟ್ಟುವವರೆಗೆ ನಾನು ಅವನ ಮುಂದೆ ಗೊಣಗಿದೆ.

ಅಂಗಡಿಯಲ್ಲಿ ಕರಿ ಟೊಪ್ಪಿಗೆ ಹಾಕುವ ಅಣ್ಣ ರುಮಾಲು ಸುತ್ತಲು ಕಲಿಯಬೇಕಾಯಿತು. ಸುತ್ತಿಕೊಟ್ಟವರು ವೈನಿ. ಎರಡು ತಿಂಗಳು ಮಾಳಿಗೆಯ ಮೇಲೆ ಚೆಂಡಿಲ್ಲದೆ, ಮನೆಯಲ್ಲಿದ್ದ ಒಂದು ಬಡಿಗೆ ಹಿಡಿದು ಬರೀ ಬೀಸುವುದು. ಮೊದಲು ರುಮಾಲಿನೊಳಗೆ ಲಿಂಗದ ಬದಲು ಅಷ್ಟೇ ಭಾರದ ಒಂದು ಅಡಿಕೆ ಡಬ್ಬಿ. ವೈನಿ ಎದುರಿಗೆ ನಿಂತು ‘ಸರೀತ್ರೀ’, ‘ಈಗ ಸರೀಲಿಲ್ಲ’, ‘ಮತ್ತ ಸರೀತು’ ಎಂದು ಹೇಳುತ್ತಿದ್ದರು. ಚಾದರಕ್ಕಾಗಿ ಹಣೆ ಬಡಿದುಕೊಂಡಿದ್ದ ಹೆಂಗಸು ಅಡುಗೆ ಬಿಟ್ಟು ಮಾಳಿಗೆ ಏರುತ್ತಿದ್ದರು. ಸತತ ನೂರು ಸಲ ಬೀಸಿದರೂ ಡಬ್ಬಿ ಅಲ್ಲಾಡಲಿಲ್ಲ ಎಂದಾದ ದಿನ, ಅವರೇ ದಿಗಂಬರರಾವನಿಗೆ ಹೇಳಿ ಕಳಿಸಿದರು.

ಎಪ್ಪತ್ತಾರರ ಫೆಬ್ರುವರಿಯ ಒಂದು ಭಾನುವಾರ. ನಾನು ಅಂಗಡಿಯ ಬಾಗಿಲು ತೆಗೆಯಲೇ ಇಲ್ಲ, ಅಣ್ಣನ ಹಿಂದೆ ಬಯಲಿಗೆ ಹೋದೆ. ದಿಗಂಬರರಾವ್ ಕೋಲಿನ ಚೀಲ ತಾನೇ ಹೊತ್ತು ತಂದಿದ್ದ. ಒಂದೂ ಉಪದೇಶ ಮಾಡಲಿಲ್ಲ. ಮಿಲ್ಲಿನ ಅಧಿಕಾರಿಯೊಬ್ಬ ಅಣ್ಣನ ರುಮಾಲು ನೋಡಿ ಮುಸಿಮುಸಿ ನಕ್ಕ. ನಾನು ಅವನನ್ನು ದುರುಗುಟ್ಟಿ ನೋಡಿದೆ.

ಹಳ್ಳದ ಈಚೆ ಅಣ್ಣ ನಿಂತ. ಧೋತರ ಬಿಗಿದುಕೊಂಡ, ಚೆಂಡು ಇಟ್ಟ. ಅದನ್ನಿಡಲು ಬಗ್ಗಿದಾಗಲೂ ಎಡಗೈ ಎದೆಗೆ ಹೋಯಿತು. ಅಲ್ಲೇನೂ ಇಲ್ಲವೆಂದು ನೆನಪಾಗಿ ಕೆಳಗಿಳಿಯಿತು. ಈ ಆಟ ಕೆಟ್ಟರೆ ಕೆಡಲಿ, ಆ ರುಮಾಲು ಒಂದು ಜಾರದಿರಲಿ ಎಂದು ನನ್ನ ಕರಡಿಗೆಯನ್ನು ನಾನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಕೋಲು ನಿಧಾನವಾಗಿ ಮೇಲೇರಿತು. ಎಡ ತೋಳು ಎದೆಗೆ ಹತ್ತಿಕೊಂಡೇ ಹೋಯಿತು. ಇಳಿದು ಬಂದದ್ದು ನನಗೆ ಕಾಣಲಿಲ್ಲ, ಸದ್ದು ಕೇಳಿತು. ಆಟದ ಗಂಧವಿಲ್ಲದ ನನಗೂ ಇದು ಬೇರೆ ಸದ್ದು ಎಂದು ತಿಳಿಯಿತು. ಚೆಂಡು ಎದ್ದಿತು, ಹಳ್ಳದ ಮೇಲೆ ಎತ್ತರದಲ್ಲಿ ಹಾಯ್ದಿತು, ಆಚೆ ದಂಡೆ ದಾಟಿ ಎರೆ ನೆಲದ ಮೇಲೆ ಎರಡು ಸಲ ಪುಟಿದು ನಿಂತಿತು. ದಿಗಂಬರರಾವ್ ‘ವಾಹವಾ!’ ಎಂದು ಕೂಗಿದ. ನನ್ನ ಕಣ್ಣು ತುಂಬಿ ಬಂತು, ನಾಚಿಕೆ ಬಿಟ್ಟು ಅತ್ತೆ.

ಅಣ್ಣ ಮಾತ್ರ ಕೋಲು ಹೆಗಲ ಮೇಲೆ ಹಾಗೇ ಹಿಡಿದು, ಕಾಲ ಬಳಿ ಚೆಂಡು ಮೊದಲಿದ್ದ ಜಾಗವನ್ನೇ ನೋಡುತ್ತ ನಿಂತಿದ್ದ. ಕುತ್ತಿಗೆ ಕೂಡ ಹೊರಳಿಸಿರಲಿಲ್ಲ.

‘ಕಲ್ಯಾಣೀ’ ಎಂದ, ನೆಲ ನೋಡುತ್ತಲೇ. ‘ದಾಟಿತೇನೋ?’

‘ದಾಟ್ಯದ ಅಣ್ಣಾ. ನೋಡಬಾರ್ದೇನು?’

ಅವನು ಕೋಲನ್ನು ಮೆಲ್ಲಗೆ ಕೆಳಗಿಟ್ಟ. ಎರಡೂ ಕೈಯಿಂದ ರುಮಾಲು ಮುಟ್ಟಿ ನೋಡಿಕೊಂಡ. ಆಮೇಲೆ ತಲೆ ಎತ್ತಿದ.